ಖಣಿ ಓಣಿಯ ರಮಾಬಾಯಿ ಓದದೇ ಒರೆಸಿದ್ದು

ಬೆಳಗಿನ ಐದೂಮುಕ್ಕಾಲು. ವಾಡಿಯಿಂದ ಶಹಾಬಾದ್ ಕಡೆಗೆ ಹೊರಳುವ ಹಳೆಯ ಗಾಡಿ ಹಾದಿಯಲ್ಲಿ ಸೈಕಲ್ಲೊಂದು ಕಟಕಟ ಸದ್ದು ಮಾಡುತ್ತ ಬರುತ್ತದೆ. ಹ್ಯಾಂಡಲ್ಲಿಗೆ ನೀರಿನ ಕ್ಯಾನು ಜೋತುಬಿದ್ದಿದೆ, ಕ್ಯಾರಿಯರ್ ಮೇಲೆ ಹಳೇ ಸೀರೆಯ ತುಂಡುಗಳ ಗಂಟು. ಸೈಕಲ್ ಇಳಿದ ರಮಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಲಾರಿಗೆ ಫರಸಿ ತುಂಬುವ ಕಲ್ಲಿನ ಅಂಗಳದ ಮೂಲೆಗೆ ಬಿದ್ದಿರುವ ಒಡಕು ಚಪ್ಪಡಿಗಳನ್ನು ಒಂದೊಂದಾಗಿ ಎಳೆದು ಸಾಲಾಗಿ ಹಾಸುತ್ತಾರೆ. ಮೂಲೆ ಮುರಿದ, ಪದರು ಎದ್ದ, ಮಾರಾಟಕ್ಕೆ ಬಾರದ ಕಲ್ಲುಗಳು ಅವು. ಈ ಸೀಮೆಯಲ್ಲಿ ಮನೆಯ ನೆಲ, ಗೋಡೆ, ಮಾಳಿಗೆ ಎಲ್ಲವೂ ಇದೇ ಫರಸಿಯದು. ರಮಾಬಾಯಿಯ ಮಕ್ಕಳಿಗೆ ಬರೆಯುವ ಪಾಟಿಯೂ ಇದೇ.

ಆರು ಗಂಟೆಗೆ ಮಕ್ಕಳು ಬರುತ್ತಾರೆ. ಕಣ್ಣಲ್ಲಿ ಇನ್ನೂ ನಿದ್ದೆ, ಕೆಲವರ ಕೈಯಲ್ಲಿ ಕಟಕು ರೊಟ್ಟಿ. ತಂತಮ್ಮ ಕಲ್ಲು ಹಿಡಿದು ಕೂತು, ಸೀಮೆಸುಣ್ಣದ ತುಂಡಿನಿಂದ ಬರೆಯತೊಡಗುತ್ತಾರೆ. ‘ನಿನ್ನಿ ನೀವೊಬ್ಬರೇ ನೋಡಿದ್ದು ಏನು’ ಎಂಬುದು ಈ ಗುರುವಾರದ ವಿಷಯ. ಹದಿನೆಂಟು ಕಲ್ಲು ತುಂಬುವುದಕ್ಕೆ ಅರ್ಧ ತಾಸು ಸಾಕು. ಆಮೇಲೆ ಶುರುವಾಗುವುದೇ ನಿಜವಾದ ಕೆಲಸ. ರಮಾಬಾಯಿ ಒಂದೊಂದು ಕಲ್ಲಿನ ಮುಂದೆಯೂ ಮಂಡಿಯೂರಿ ಕೂರುತ್ತಾರೆ. ತುಟಿ ಅಲುಗಿಸುತ್ತ, ಎರಡನೇ ತರಗತಿಯ ಕೂಸಿನ ಹಾಗೆ ಬೆರಳಿಟ್ಟು ಓದುತ್ತಾರೆ. ಮುಗಿಸಿ, ಮತ್ತೊಮ್ಮೆ ಮೊದಲಿನಿಂದ ಓದುತ್ತಾರೆ. ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಕೆಂಪು ಸೀಮೆಸುಣ್ಣ ಕೊನೆಗೆ, ಒದ್ದೆ ಬಟ್ಟೆ ಅದಕ್ಕೂ ಕೊನೆಗೆ.

‘ಟೀಚರ್, ಲಾರಿ ಬಂತ್ರಿ!’ ಎಂದು ಮಕ್ಕಳು ಅವಸರ ಮಾಡುತ್ತವೆ.

‘ಬರ್ಲಿ. ಲಾರಿ ನಿಂದರ್ತದ. ನಾ ಪೂರಾ ಓದಿ ಮುಗಸ್ತೀನಿ’ ಎನ್ನುತ್ತಾರೆ ರಮಾಬಾಯಿ, ತಲೆ ಎತ್ತದೆ.

ನೋಡಿದವರಿಗೆ ಇದು ಅತಿ ಅನ್ನಿಸಬಹುದು. ಐದನೇ ತರಗತಿಯ ಮಕ್ಕಳು ಬರೆದ ನಾಲ್ಕು ಸಾಲು ಓದಲು ಇಷ್ಟೆಲ್ಲ ಯಾಕೆ? ಅದಕ್ಕೆ ಕಾರಣ ಇದೆ. ಡಿಸೆಂಬರ್ ತನಕ ಇಲ್ಲಿ ಹತ್ತೊಂಬತ್ತು ಮಕ್ಕಳಿದ್ದರು.

ರಮಾಬಾಯಿಗೆ ಇಪ್ಪತ್ತೇಳು ವರ್ಷ. ಸೇಡಂನ ಕಾಲೇಜೊಂದರಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿಯ ಎರಡನೇ ವರ್ಷ ಓದುತ್ತಿದ್ದಾರೆ. ಹಳೇ ಮಂದಿಯ ಬಾಯಲ್ಲಿ ಅದು ಇವತ್ತಿಗೂ ಟಿಸಿಎಚ್. ಅಂದರೆ ಇವರು ಇನ್ನೂ ಟೀಚರ್ ಆಗಿಲ್ಲ, ಆಗುವುದನ್ನು ಕಲಿಯುತ್ತಿದ್ದಾರೆ. ಪಗಾರ ಇಲ್ಲ, ಗೌರವಧನ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ. ದೀಪಾವಳಿ ರಜೆ ಮುಗಿದಾಗಿನಿಂದ ಮಾರ್ಚ್ ಕೊನೆಯವರೆಗೆ ಖಣಿ ಓಣಿಯ ಶಾಲೆಯಲ್ಲಿ ಪಾಠ ಮಾಡಬೇಕು, ಶನಿವಾರ ಪ್ಯಾಸೆಂಜರ್ ಗಾಡಿ ಹತ್ತಿ ಚಿತ್ತಾಪುರ, ಮಳಖೇಡ ದಾಟಿ ಸೇಡಂಗೆ ಹೋಗಿ ಕಾಲೇಜಿಗೆ ಲೆಕ್ಕ ಒಪ್ಪಿಸಬೇಕು. ಭಾನುವಾರ ಪಾಲಿಶ್ ಕಾರ್ಖಾನೆಯಲ್ಲಿ ಫರಸಿ ಹೊಂದಿಸುವ ಕೂಲಿ. ಬೆಳಿಗ್ಗೆ ನಾಲ್ಕಕ್ಕೆ ಏಳುವ ಈ ಹೆಣ್ಣುಮಗಳಿಗೆ ವಾರದಲ್ಲಿ ರಜೆ ಎಂಬ ದಿನ ಯಾವುದು ಎಂದು ಕೇಳಿದರೆ ನಗು ಬರುತ್ತದೆ.

‘ನಮ್ಮಪ್ಪ ಇದೇ ಖಣ್ಯಾಗ ಕಲ್ಲು ಎಬ್ಬಸ್ತಿದ್ರಿ. ಧೂಳ ಕುಡದು ಕುಡದು ಎದಿ ಕೆಟ್ಟು ಸತ್ತ. ಸಾಲಿ ಮುಖ ನೋಡಿದಾಂವಲ್ಲ. ಆದ್ರ ನನ್ನ ವಾಡಿ ಸ್ಟೇಶನ್ನಿಗೆ ಕರಕೊಂಡು ಹೋಗಿ, ಆ ಹಳದಿ ಬೋರ್ಡ್ ಮುಂದ ನಿಂದ್ರಸಿ, ಓದು ಓದು ಅಂತಿದ್ದ. ಅಂವಗ ಓದಲಿಕ್ಕ ಬರ್ತಿರ್ಲಿಲ್ಲ, ನಾ ತಪ್ಪ ಓದಿದ್ರೂ ಶಾಬಾಸ್ ಅಂತಿದ್ದ’ ಎಂದು ನೆನೆಯುತ್ತಾರೆ ರಮಾಬಾಯಿ.

ಖಣಿ ಓಣಿ ಎಂದರೆ ನಾಲ್ಕೂ ದಿಕ್ಕಿಗೆ ಹೊಂಡ, ನಡುವೆ ನೂರಿಪ್ಪತ್ತು ಮನೆ. ಕೆಲವು ಖಣಿಗಳಲ್ಲಿ ಇನ್ನೂ ಕಲ್ಲು ಎಬ್ಬಿಸುತ್ತಾರೆ. ಕೈಬಿಟ್ಟವುಗಳಲ್ಲಿ ಮಳೆನೀರು ನಿಂತು ಹಸಿರಾಗಿದೆ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಆದ್ದರಿಂದ ಬಟ್ಟೆ, ಪಾತ್ರೆ, ದನದ ಮೈ ಎಲ್ಲಕ್ಕೂ ಆಸರೆ ಊರ ತಲೆಗಿರುವ ಹಳೇ ಖಣಿ. ಗೋಡೆಯಂಥ ಕಲ್ಲಿನ ಬದಿಗೆ ಯಾವುದೋ ಕಾಲದಲ್ಲಿ ಇಟ್ಟ ಮೆಟ್ಟಿಲುಗಳಿವೆ. ಜನ ಅವನ್ನು ಪಾವಟಿಗೆ ಅನ್ನುತ್ತಾರೆ. ಏಳು ಗಂಟೆಗೆ ತಾಯಂದಿರು ಕೂಲಿಗೆ ಹೋದರೆ, ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಆ ಪಾವಟಿಗೆ ಇಳಿಯುತ್ತವೆ. ಅಲ್ಲಿಂದ ಬಂದ ಮೇಲೆ ಶಾಲೆ. ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ಹಾಗಾಗಿಯೇ ರಮಾಬಾಯಿಯ ಓದು ಬರಹ ಏಳಕ್ಕೆ ಮೊದಲು.

ಶಾಲೆಗೆ ಬಂದ ಮೊದಲ ವಾರ ಇವರಿಗೆ ಭಾಳ ಖುಷಿಯಾಗಿತ್ತಂತೆ. ಐದನೇ ತರಗತಿಯ ಮೂವತ್ತನಾಲ್ಕು ಮಕ್ಕಳೂ ಪಾಠವನ್ನು ಗಡಗಡ ಓದುತ್ತಿದ್ದವು. ಎಂಟನೇ ದಿನ ಯಾಕೋ ಅನುಮಾನ ಬಂದು, ಪುಸ್ತಕದ ಮೇಲೆ ಅಂಗೈ ಮುಚ್ಚಿದರು. ಓದು ನಿಲ್ಲಲಿಲ್ಲ! ಹತ್ತೊಂಬತ್ತು ಮಕ್ಕಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಇಡೀ ಪಾಠ ಬಾಯಿಪಾಠ. ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನ ಮೇಲೆ. ಮುಖ್ಯಗುರು ಅಮೃತಪ್ಪ ಅವರಿಗೆ ಹೇಳಿದರೆ, ‘ಹೊಸಾದೇನಲ್ಲ ತಂಗಿ, ಇದ್ದದ್ದ ಅದು’ ಎಂದು ಕನ್ನಡಕ ಒರೆಸಿಕೊಂಡರು. ಅವರೇನು ಕೆಟ್ಟವರಲ್ಲ. ಇಬ್ಬರು ಶಿಕ್ಷಕರು, ಐದು ತರಗತಿ, ಬಿಸಿಯೂಟ, ಅದರ ಮೇಲೆ ಗಣತಿ. ಅವರಾದರೂ ಎಷ್ಟು ಕಡೆ ಓಡಿಯಾರು?

ಆ ಹತ್ತೊಂಬತ್ತು ಮಕ್ಕಳನ್ನೇ ರಮಾಬಾಯಿ ಹಟ ಹಿಡಿದು ತಮ್ಮವರನ್ನಾಗಿ ಮಾಡಿಕೊಂಡರು. ಕಲ್ಲಿನ ಅಂಗಳದ ಮಾಲಕನ ಕೈಕಾಲು ಹಿಡಿದು ಬೆಳಗಿನ ಒಂದು ತಾಸು ಜಾಗ ಪಡೆದರು. ಅವನದ್ದು ಒಂದೇ ಷರತ್ತು: ಲಾರಿ ಬರುವ ಹೊತ್ತಿಗೆ ಫರಸಿಗಳೆಲ್ಲ ಒರೆಸಿ ಮೊದಲಿದ್ದ ಹಾಗೆ ಇರಬೇಕು. ಅಕ್ಷರ ಕೂಡಿಸುವುದು ಬಂದ ಮೇಲೆ ಬರೆಸಲು ಶುರು ಮಾಡಿದರು. ಮೊದಲು ‘ನಮ್ಮ ಶಾಲೆ’ ಎಂದು ಬರೆಯಲು ಕೊಟ್ಟರೆ ಹತ್ತೊಂಬತ್ತೂ ಕಲ್ಲಿನ ಮೇಲೆ ಒಂದೇ ಪ್ರಬಂಧ, ಎಲ್ಲರ ಶಾಲೆಯ ಮುಂದೆಯೂ ಅದೇ ಇಲ್ಲದ ಹೂದೋಟ. ಪಾಠಯೋಜನೆಯ ಪುಸ್ತಕ ಬದಿಗಿಟ್ಟು, ‘ನಿಮ್ಮ ಮನ್ಯಾಗ ಮೊದಲ ಏಳೋರು ಯಾರು’ ಎಂದು ಕೇಳಿದರು. ಆವತ್ತು ಹತ್ತೊಂಬತ್ತು ಬೇರೆ ಬೇರೆ ಬರಹ ಬಂದವು. ಒಬ್ಬಳು ಎಮ್ಮೆ ಎಂದು ಬರೆದಿದ್ದಳಂತೆ.

ಹಾಗೆ ಬರೆದವಳ ಹೆಸರು ಯಂಕಮ್ಮ. ಅಜ್ಜಿಯ ಹೆಸರು ಇಟ್ಟಿದ್ದರು, ಕರೆಯುವುದು ಯಂಕಿ. ಹತ್ತು ತುಂಬಿ ಹನ್ನೊಂದಕ್ಕೆ ಬಿದ್ದಿತ್ತು. ತಾಯಿ ಗುಂಡಮ್ಮ ಖಣಿಯಲ್ಲಿ ಕಲ್ಲು ಹೊರುತ್ತಾರೆ, ತಂದೆ ದುಡಿಯಲು ಹೋದವನು ಆರು ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಹತ್ತೊಂಬತ್ತರಲ್ಲಿ ಎಲ್ಲರಿಗಿಂತ ಬೇಗ ಬರೆದು ಮುಗಿಸುತ್ತಿದ್ದವಳು ಯಂಕಿ. ಎಲ್ಲರಿಗಿಂತ ನಿಧಾನ ಓದುತ್ತಿದ್ದವಳು ಅವಳ ಪಕ್ಕದ ಕಲ್ಲಿನ ಮೆಹತಾಬ್.

ಡಿಸೆಂಬರ್ ಮೂರನೇ ವಾರದ ಒಂದು ಸೋಮವಾರ ಕಾಲೇಜಿನ ಉಪನ್ಯಾಸಕರು ಬೆಳಗಿನ ಈ ಪಾಠದ ವೀಕ್ಷಣೆಗೇ ಕಲ್ಲಿನ ಅಂಗಳಕ್ಕೆ ಬಂದರು. ಶಿಕ್ಷಕರ ತರಬೇತಿ ಓದಿದವರಿಗೆ ಗೊತ್ತು, ಅದೆಂಥ ದಿನ ಎಂದು. ಹಿಂದೆ ನಿಂತವರು ಅಂಕಪಟ್ಟಿ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತಿರುತ್ತಾರೆ. ಆವತ್ತಿನ ವಿಷಯ ‘ನನಗ ಅಂಜಿಕಿ ಬರೋದು’. ಮಕ್ಕಳು ಬಗ್ಗಿ ಬರೆದವು. ರಮಾಬಾಯಿ ಬಲಗೈಯಲ್ಲಿ ಕೆಂಪು ಸೀಮೆಸುಣ್ಣ, ಎಡಗೈಯಲ್ಲಿ ಒದ್ದೆ ಬಟ್ಟೆ ಹಿಡಿದು ಸಾಲಿನುದ್ದ ನಡೆದರು. ತಪ್ಪು ಕಂಡಲ್ಲಿ ಗುಂಡು ಗೆರೆ, ಪಕ್ಕಕ್ಕೆ ಸರಿಯಾದದ್ದು, ಕೆಳಗೆ ‘ಉತ್ತಮ’, ಒಮ್ಮೆ ಒರೆಸು, ಮುಂದಿನ ಕಲ್ಲು. ಹನ್ನೆರಡು ನಿಮಿಷಕ್ಕೆ ಹತ್ತೊಂಬತ್ತು ಮುಗಿದವು. ಉಪನ್ಯಾಸಕರು ಸಂತೋಷಪಟ್ಟು, ‘ತ್ವರಿತ ತಿದ್ದುವಿಕೆ, ಶ್ಲಾಘನೀಯ’ ಎಂದು ಬರೆದರು. ಆ ಹಾಳೆ ಇವತ್ತಿಗೂ ರಮಾಬಾಯಿಯ ಫೈಲಿನಲ್ಲಿದೆ. ತೋರಿಸುವಾಗ ಅವರು ಅದರ ಕಡೆ ನೋಡುವುದಿಲ್ಲ.

ಶುಕ್ರವಾರ ಯಂಕಿ ಹಳೇ ಖಣಿಗೆ ಬಿದ್ದು ಸತ್ತಳು.

ಎಳ್ಳಮಾಸಿ ಹತ್ತಿರ ಬಂದಿತ್ತು, ಮನೆಗೆಲಸದಲ್ಲಿ ಯಂಕಿ ಮಂಗಳವಾರದಿಂದ ಕಲ್ಲಿನ ಪಾಠಕ್ಕೆ ಬಂದಿರಲಿಲ್ಲ. ಹಬ್ಬಕ್ಕೆ ಹೊಲಕ್ಕೆ ಹೋಗುವ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯುವುದು ಈ ಕಡೆಯ ಪದ್ಧತಿ. ಕೌದಿ ಹೊತ್ತು ಇಳಿದ ಹುಡುಗಿ ಮೇಲೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತೆಗೆದರು. ಪಾಚಿಯ ಮೇಲೆ ಜಾರಿದೆ ಕೂಸು ಎಂದರು ಎಲ್ಲರೂ. ಖಣಿಯ ಮಾಲಕ ಎಲ್ಲಿದ್ದನೋ ಓಡಿ ಬಂದು, ಪೊಲೀಸ್ ತಂಟೆ ಬರುವ ಮೊದಲೇ ಹಾದಿಗೆ ಅಡ್ಡಲಾಗಿ ಜಾಲಿ ಮುಳ್ಳು ಹೇರಿಸಿದ. ಪಂಚಾಯಿತಿಯಿಂದ ಟ್ಯಾಂಕರ್ ಬರತೊಡಗಿತು. ಒಂದು ಕೂಸು ಹೋದ ಮೇಲೆ ಓಣಿಗೆ ನೀರು ಬಂತು. ಈ ಮಾತನ್ನು ಯಾವ ಬಾಯಿಂದ ಹೇಳುವುದು!

ಮೂರನೇ ದಿನ ರಮಾಬಾಯಿ ಮಾತಾಡಿಸಲು ಹೋದರು. ಗುಂಡಮ್ಮ ಗೋಡೆಗೆ ಒರಗಿ ಕೂತಿದ್ದರು. ಅಳು ಬತ್ತಿ ಹೋಗಿತ್ತು. ಇವರನ್ನು ನೋಡಿದ್ದೇ ಕೈ ಹಿಡಿದು ಕೇಳಿದರು: ‘ಟೀಚರ್, ನಮ್ಮ ಹುಡುಗಿ ಕಡೀಕ ನಿಮ್ಮ ಕಲ್ಲಿನ ಮ್ಯಾಲ ಏನ್ ಬರದಿದ್ಳ್ರಿ? ನನಗರೆ ಓದಲಿಕ್ಕ ಬರಂಗಿಲ್ಲ. ನೀವರೆ ಹೇಳ್ರಿ.’

ರಮಾಬಾಯಿ ನೆನಪು ಮಾಡಿಕೊಳ್ಳಲು ನೋಡಿದರು. ಒಂದಕ್ಷರವೂ ನೆನಪಾಗಲಿಲ್ಲ. ‘ನಾಕು ತಪ್ಪು ಇದ್ವು ಅನ್ನೋದು ನೆಪ್ಪಿತ್ರಿ. ಒತ್ತಕ್ಷರ ಎಲ್ಲೆಲ್ಲಿ ಬಿಟ್ಟಿದ್ಲು ಅನ್ನೋದು ಕಣ್ಣ ಮುಂದ ಕಟ್ಟಿದಂಗಿತ್ತು. ಆದ್ರ ಏನ್ ಬರದಿದ್ಲು? ನಾ ಓದೇ ಇಲ್ಲ. ಕಲ್ಲಿನ ಮುಂದ ನಿಂತು, ಪೂರಾ ತಿದ್ದಿ, ಒರಸೀನಿ, ಓದೇ ಇಲ್ಲ’ ಎನ್ನುತ್ತಾರೆ.

ತಾಯಿ ಮುಖ ನೋಡುತ್ತಾ ಕೂತಿದ್ದರು. ಓದಲಿಲ್ಲ ಎಂದು ಹೇಳಲು ರಮಾಬಾಯಿಗೆ ಬಾಯಿ ಬರಲಿಲ್ಲ. ‘ನಿಮ್ಮ ರೊಟ್ಟಿ ಬಗ್ಗೆ ಬರದಿದ್ಳ್ರಿ. ನಮ್ಮವ್ವನ ರೊಟ್ಟಿ ಅಂದ್ರ ನನಗ ಭಾಳ ರುಚಿ ಅಂತ’ ಎಂದುಬಿಟ್ಟರು.

ಗುಂಡಮ್ಮ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡರು. ಖಣಿಯಲ್ಲಿ ಜೊತೆಗೆ ಕಲ್ಲು ಹೊರುವವರಿಗೆ, ಗಿರಣಿ ಮುಂದೆ ನಿಂತವರಿಗೆ, ಚಿಂಚೋಳಿಯಿಂದ ಬಂದ ಬೀಗರಿಗೆ, ಎಲ್ಲರಿಗೂ ಹೇಳಿದರು: ನನ್ನ ಮಗಳು ಸಾಯುವ ಮುಂದೆ ನನ್ನ ರೊಟ್ಟಿಯ ಬಗ್ಗೆ ಬರೆದಿದ್ದಳು. ಹೇಳುವಾಗ ಮುಖದಲ್ಲಿ ಒಂದಿಷ್ಟು ಜೀವ ಬರುತ್ತಿತ್ತಂತೆ. ಹೇಗೋ ಒಂದು ಸಮಾಧಾನ ಸಿಕ್ಕಿತಲ್ಲ ಎಂದು ರಮಾಬಾಯಿ ತಮ್ಮಷ್ಟಕ್ಕೆ ತಾವು ಸುಮ್ಮನಾದರು.

ಸುಮ್ಮನಿರಲು ಮೆಹತಾಬ್ ಬಿಡಲಿಲ್ಲ. ತಾನು ಹಾಗೆ ಮಾಡುತ್ತಿದ್ದೇನೆ ಎಂದು ಅವಳಿಗೂ ಗೊತ್ತಿರಲಿಲ್ಲ. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹುಡುಗಿ ಎಂದಿನಂತೆ ಒಂದೊಂದೇ ಅಕ್ಷರ ಹಿಡಿದು ಓದುತ್ತ ಕೂತಿದ್ದಳು. ‘ಎಷ್ಟೊತ್ತ, ಜಲ್ದಿ ಓದವಾ’ ಎಂದು ರಮಾಬಾಯಿ ಗದರಿದರು.

‘ಜಲ್ದಿ ಓದಿದ್ರ ನನಗ ತಿಳಿಯಂಗಿಲ್ರಿ ಟೀಚರ್. ಯಂಕಿದು ನಾ ಸಾವಕಾಶ ಓದಿದ್ನಲ್ಲ, ಪೂರಾ ತಿಳೀತು.’

‘ಯಂಕಿದು ಯಾವುದು?’

ಮೆಹತಾಬ್ ಕಣ್ಣು ಮುಚ್ಚಿ ಒಪ್ಪಿಸಿದಳು. ಪಕ್ಕದ ಕಲ್ಲಿನದನ್ನು ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ್ದಳು, ಟೀಚರ್ ಬಂದು ಒರೆಸುವ ತನಕ; ಟೀಚರೂ ಓದಿದ್ದಾರೆ ಎಂದೇ ತಿಳಿದಿದ್ದಳು. ಅದು ಹೀಗಿತ್ತು: ‘ನನಗ ಖಣಿ ಪಾವಟಿಗಿ ಅಂದ್ರ ಅಂಜಿಕಿ. ಮ್ಯಾಲಿಂದ ಮೂರನೇ ಕಲ್ಲು ಅಲಗ್ತದ. ನಿನ್ನಿ ಜಾರಿದೆ. ಜಾಲಿ ಬೇರು ಹಿಡಕೊಂಡೆ. ಅವ್ವಗ ಜಾರಿದೆ ಅಂತ ಹೇಳ್ದೆ. ಯಾರ ಮುಂದನೂ ಅನಬ್ಯಾಡ, ಹಾದಿ ಮುಚ್ತಾರ, ನೀರಿಗಿ ಎಲ್ಲಿ ಹೋಗಾದು ಅಂದ್ಲು. ಕಲ್ಲಿಂದು ಹೇಳಾಕ ಹೋದೆ. ಅವ್ವ ಪೂರಾ ಕೇಳ್ಲಿಲ್ಲ.’

ರಮಾಬಾಯಿ ಆ ದಿನ ಪಾಠ ಮಾಡಲಿಲ್ಲ. ಸೈಕಲ್ ತಳ್ಳಿಕೊಂಡೇ ಮನೆಗೆ ಹೋದರು. ಓದು ಬಿಟ್ಟುಬಿಡುತ್ತೇನೆ, ಪಾಲಿಶ್ ಕಾರ್ಖಾನೆಗೇ ಖಾಯಂ ಹೋಗುತ್ತೇನೆ ಎಂದು ತಾಯಿಯ ಮುಂದೆ ಅತ್ತರು. ನಾಲ್ಕು ದಿನ ಹೊರಗೆ ಬರಲಿಲ್ಲ. ಐದನೇ ದಿನ ಬಂದಾಗ ಒದ್ದೆ ಬಟ್ಟೆಯ ಜೊತೆ ಒಂದು ನೋಟ್‌ಬುಕ್ಕೂ ಇತ್ತು. ಅದರ ಮೊದಲ ಪುಟದಲ್ಲಿ ಮೆಹತಾಬ್ ಹೇಳಿದ್ದನ್ನು ಹೇಳಿದ ಹಾಗೆ ಬರೆದಿಟ್ಟಿದ್ದರು.

ಆದರೆ ಗುಂಡಮ್ಮನ ಮುಂದೆ ಬಾಯಿ ಬಿಡಲು ಆಗಲೇ ಇಲ್ಲ. ಅಮೃತಪ್ಪ ಗುರುಗಳ ಮುಂದೆ ಮಾತ್ರ ಹೇಳಿಕೊಂಡರು. ಅವರು, ‘ಬಿಡ್ರಿ ತಂಗಿ. ಆ ತಾಯಿ ರೊಟ್ಟಿ ಮಾತು ಹಿಡಕೊಂಡು ಬದುಕಲಿಕತ್ತಾಳ. ಅದನ್ನೂ ಕಸಗೊಂಡು ಏನ್ ಕೊಡ್ತೀರಿ ಆಕಿಗೆ?’ ಎಂದರು. ಮಾತು ಸುಳ್ಳಲ್ಲ. ಹೇಗೂ ಹಾದಿಗೆ ಮುಳ್ಳು ಬಿದ್ದಿದೆ, ಯಾರೂ ಇಳಿಯುವುದಿಲ್ಲ ಎಂಬ ಧೈರ್ಯವೂ ಇತ್ತು. ಜನವರಿ ಹೋಯಿತು, ಫೆಬ್ರುವರಿ ಹೋಯಿತು. ರಮಾಬಾಯಿ ಗುಂಡಮ್ಮನ ಮನೆಯ ಓಣಿ ಬಿಟ್ಟು ಸುತ್ತುಹಾಕಿ ಶಾಲೆಗೆ ಹೋಗತೊಡಗಿದರು.

ಮಾರ್ಚ್‌ನಲ್ಲಿ ಟ್ಯಾಂಕರ್ ನಿಂತಿತು. ಬಿಲ್ ಪಾಸಾಗಿಲ್ಲ ಅಂತ ಒಬ್ಬರು, ಡೀಸೆಲ್ ಇಲ್ಲ ಅಂತ ಇನ್ನೊಬ್ಬರು. ನೀರು ಕೇಳುವವರಿಗೆ ಕಾರಣ ಕಟ್ಟಿಕೊಂಡು ಏನಾಗಬೇಕು? ಹೆಂಗಸರು ಒಂದಾಗಿ ನಿರ್ಧಾರ ಮಾಡಿದರು: ಸೋಮವಾರ ಮುಳ್ಳು ಸರಿಸುವುದು, ಬೂದಿ ಹಾಕಿ ಪಾಚಿ ತಿಕ್ಕುವುದು, ಮೊದಲಿನಂತೆ ಇಳಿಯುವುದು. ಆ ಹಾದಿ ತೆರೆಯಬೇಕು ಎಂದವರಲ್ಲಿ ಗುಂಡಮ್ಮನೂ ಒಬ್ಬರು. ಅವರಿಗೂ ನೀರು ಬೇಕಲ್ಲ. ಕೊಂದದ್ದು ಪಾಚಿ, ಪಾಚಿ ತಿಕ್ಕಿದರಾಯಿತು ಎಂದು ಅವರು ನಂಬಿದ್ದರು.

ನಾವು ಮೊದಲು ನೋಡಿದ ಗುರುವಾರ ಈ ಸುದ್ದಿಯನ್ನು ರಮಾಬಾಯಿಯ ಕಿವಿಗೆ ಹಾಕಿದ್ದು ಒಂದು ಫರಸಿ. ಮೆಹತಾಬ್ ಬರೆದಿದ್ದಳು: ‘ಸೋಮವಾರದಿಂದ ಎಲ್ಲರೂ ಖಣಿಗಿ ಹೋಗ್ತಾರ. ನಾ ಮೂರನೇ ಕಲ್ಲು ದಾಟಿ ಇಳಿತೀನಿ. ನಾ ಓದೀನಿ. ಬ್ಯಾರೇದವ್ರು ಓದಿಲ್ಲ.’

ಆ ಕಲ್ಲನ್ನೂ ಅವರು ಎರಡು ಸಲ ಓದಿ, ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಕೆಂಪು ಸೀಮೆಸುಣ್ಣ ಮಾತ್ರ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಅವರು ಪಾಲಿಶ್ ಕಾರ್ಖಾನೆಗೆ ಹೋಗಲಿಲ್ಲ. ಮೆಹತಾಬ್‌ಳನ್ನು ಕರೆದುಕೊಂಡು ನೆಟ್ಟಗೆ ಗುಂಡಮ್ಮನ ಮನೆಗೆ ಹೋದರು. ಗುಂಡಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ‘ಬರ್ರಿ ಟೀಚರ್, ಕುಂದ್ರಿ. ಭಾಳ ದಿನಕ್ಕ ಹಾದಿ ತಿಳೀತು ನೋಡ್ರಿ ನಿಮಗ’ ಎಂದವರು, ಪಕ್ಕದ ಮನೆಯವಳ ಕಡೆ ತಿರುಗಿ, ‘ಇವ್ರ ನೋಡವಾ, ನಮ್ಮ ಯಂಕಿ ರೊಟ್ಟಿ ಬಗ್ಗೆ ಬರದಿದ್ದು ಓದಿದವ್ರು’ ಎಂದರು.

ರಮಾಬಾಯಿ ಕೂರಲಿಲ್ಲ. ‘ಗುಂಡಮ್ಮಕ್ಕ, ನಾ ಸುಳ್ಳ ಹೇಳೀನಿ’ ಎಂದರು. ಒಂದೇ ಉಸಿರಿಗೆ ಎಲ್ಲ ಹೇಳಿದರು. ಓದದೇ ಒರೆಸಿದ್ದು, ರೊಟ್ಟಿ ಎಂದದ್ದು, ಮೆಹತಾಬ್ ಒಪ್ಪಿಸಿದ್ದು, ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದು. ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ಯಂಕಿಯ ಸಾಲುಗಳನ್ನು ಒಂದೂ ಬಿಡದೆ ಓದಿದರು. ಕೊನೆಯ ಸಾಲೊಂದು ಉಳಿಯಿತು. ಅದನ್ನು ಬಿಟ್ಟುಬಿಡೋಣ ಎನ್ನಿಸಿತಂತೆ. ಬಿಡಲಿಲ್ಲ. ‘ಅವ್ವ ಪೂರಾ ಕೇಳ್ಲಿಲ್ಲ’ ಎಂಬುದನ್ನೂ ಓದಿದರು.

ಮೊರ ಅಲ್ಲಿಯೇ ನಿಂತಿತ್ತು. ಪಕ್ಕದ ಮನೆಯವಳು ಬಾಯಿಗೆ ಸೆರಗು ಇಟ್ಟುಕೊಂಡು ಎದ್ದು ಹೋದಳು. ಗುಂಡಮ್ಮ ಬೈಯುತ್ತಾರೆ, ಹೊಡೆಯುತ್ತಾರೆ ಎಂದು ರಮಾಬಾಯಿ ಕಾದರು. ಹೊಡೆದಿದ್ದರೆ ಚಲೋ ಇತ್ತು ಎನ್ನುತ್ತಾರೆ ಈಗ.

‘ಆಕಿ ರೊಟ್ಟಿ ಬಗ್ಗೆ ಬರದಿಲ್ಲ ಅಂತ ನನಗ ಗೊತ್ತಿತ್ರಿ’ ಎಂದರು ಗುಂಡಮ್ಮ, ಜೋಳದ ಕಡೆ ನೋಡುತ್ತ. ‘ಆಕಿಗಿ ನನ್ನ ರೊಟ್ಟಿ ಸೇರ್ತಿರ್ಲಿಲ್ಲ. ದಪ್ಪ ಆಗ್ಯಾದ ಅಂತಿದ್ಲು, ಸುಟ್ಟದ ಅಂತಿದ್ಲು, ದಿನಾ ಜಗಳ. ಆದ್ರೂ ನೀವು ಅಂದ್ರಿ. ನಾ ಹಿಡಕೊಂಡೆ.’

ಮೊರ ಬದಿಗಿಟ್ಟು ಹೇಳಿದರು: ‘ಕೂಸು ಇಬ್ಬರಿಗಿ ಹೇಳ್ಯದ. ನಾ ಪೂರಾ ಕೇಳ್ಲಿಲ್ಲ. ನೀವು ಪೂರಾ ಓದ್ಲಿಲ್ಲ.’

ಆಮೇಲೆ ಎದ್ದು, ಮನೆಯೊಳಗಿಂದ ಕಲ್ಲು ಎಬ್ಬಿಸುವ ಹಾರೆ ತಂದರು. ‘ನಡೀರಿ. ಯಾವ ಕಲ್ಲು ತೋರಸ್ರಿ’ ಎಂದರು.

ಜಾಲಿ ಮುಳ್ಳನ್ನು ಗುಂಡಮ್ಮನೇ ಸರಿಸಿದರು. ಕೈ ತರಚಿತು, ನೋಡಿಕೊಳ್ಳಲಿಲ್ಲ. ಓಣಿಯ ಏಳೆಂಟು ಹೆಂಗಸರು ಹಿಂದೆಯೇ ಬಂದರು. ಮೆಹತಾಬ್ ಮೇಲೆ ನಿಂತು ಬೆರಳಿನಲ್ಲಿ ಎಣಿಸಿದಳು, ಒಂದು, ಎರಡು, ಮೂರು. ನೋಡಲು ಅದೂ ಉಳಿದವುಗಳ ಹಾಗೆಯೇ ಇತ್ತು. ನಡುವೆ ಕಾಲಿಟ್ಟರೆ ಅಲುಗುವುದಿಲ್ಲ, ಹೊರ ತುದಿಗೆ ಭಾರ ಬಿದ್ದರೆ ಮಾತ್ರ. ತಲೆಯ ಮೇಲೆ ಕೌದಿ ಹೊತ್ತ ಕೂಸು ಕೆಳಗೆ ನೋಡಲಾರದೆ ತುದಿಗೇ ಕಾಲಿಟ್ಟಿರಬೇಕು. ಇಪ್ಪತ್ತು ವರ್ಷ ಕಲ್ಲಿನ ಜೊತೆ ಬದುಕಿದ ಗುಂಡಮ್ಮ ಹಾರೆಯನ್ನು ಸಂದಿಗೆ ಕೊಟ್ಟು, ಮೈಭಾರ ಬಿಡಲು ಸಿದ್ಧವಾದರು. ಮೈಭಾರ ಬೇಕಾಗಲಿಲ್ಲ. ಒಂದು ಕೈಯಿಂದ ಮೀಟಿದ್ದಕ್ಕೇ ಕಲ್ಲು ಹೊರಳಿ, ಗೋಡೆಗೆ ಬಡಿದು, ನೀರಿಗೆ ಬಿತ್ತು.

‘ಎವ್ವಾ, ಇಷ್ಟು ಸಡ್ಲ ಇತ್ತಾ!’ ಎಂದು ಗುಂಡಮ್ಮ ಅಲ್ಲಿಯೇ ಕುಸಿದು ಕೂತರು. ಮೂರು ತಿಂಗಳಿಂದ ಬತ್ತಿದ್ದ ಅಳು ಆಗ ಬಂತು. ರಮಾಬಾಯಿಗೆ ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ಸಂಜೆಯೊಳಗೆ ಹೆಂಗಸರೇ ಸೇರಿ ಹೊಸ ಕಲ್ಲು ಕೂರಿಸಿದರು. ಗುಂಡಮ್ಮ ಅದರ ಹೊರ ತುದಿಗೆ ನಿಂತು, ಎರಡೆರಡು ಸಲ ಕುಣಿದು ನೋಡಿ, ಮನೆಗೆ ಹೋದರು.

ತರಬೇತಿಯವರು ಕೊನೆಗೆ ಒಂದು ದಿನಚರಿ ಒಪ್ಪಿಸಬೇಕು. ಪಾಠ ಮಾಡುತ್ತ ತಾವು ಏನು ಕಲಿತೆವು ಎಂದು ಬರೆಯುವ ಪುಸ್ತಕ ಅದು. ಎಷ್ಟೋ ಮಂದಿ ಹಿಂದಿನ ವರ್ಷದವರದ್ದನ್ನು ತಂದು ಹೆಸರು ಬದಲಿಸಿ ಇಳಿಸುತ್ತಾರೆ, ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ರಮಾಬಾಯಿ ನಡೆದದ್ದನ್ನೆಲ್ಲ ಹದಿನಾಲ್ಕು ಪುಟ ಬರೆದರು. ಉಪನ್ಯಾಸಕರು ಓದಿ ಗಾಬರಿಯಾಗಿ, ಇದನ್ನು ತೆಗೆಯಮ್ಮ, ನಾಳೆ ಯಾರಾದರೂ ಕೇಳಿದರೆ ಕಾಲೇಜಿಗೆ ತೊಂದರೆ, ನಿನಗೂ ತೊಂದರೆ ಎಂದರಂತೆ. ಇವರು ತೆಗೆಯಲಿಲ್ಲ. ಐವತ್ತಕ್ಕೆ ಇಪ್ಪತ್ತಾರು ಬಂತು. ತರಗತಿಯಲ್ಲೇ ಕಡಿಮೆ.

‘ಇಪ್ಪತ್ತಾರ ಜಾಸ್ತೀನೇ ಆತ್ರಿ ನನಗ’ ಎನ್ನುತ್ತಾರೆ ರಮಾಬಾಯಿ. ‘ಮೊದಲ ನಾ ಏನ್ ತಿಳಕೊಂಡಿದ್ದೆ, ಓದಲಿಕ್ಕ ಕಲಸೋಕಿ ನಾ, ಓದೋರು ಅವು ಅಂತ. ಓದಲಿಕ್ಕ ಬರದಾಕಿ ನಾನೇ ಇದ್ದೆ.’

ಹೊಗಳಿದರೆ ಅವರಿಗೆ ಸಿಟ್ಟು ಬರುತ್ತದೆ. ಹತ್ತೊಂಬತ್ತರಲ್ಲಿ ಹದಿನಾಲ್ಕು ಮಕ್ಕಳು ಈಗ ಹಿಂದೆಂದೂ ನೋಡದ ಪುಟವನ್ನೂ ಓದುತ್ತಾರಲ್ಲ ಎಂದರೆ, ‘ಹತ್ತೊಂಬತ್ತು ಎಲ್ಲ್ಯವ್ರಿ?’ ಎಂದು ತಿರುಗಿ ಕೇಳುತ್ತಾರೆ.

ಶಾಲೆಯಲ್ಲಿ ಪಾಠ ಮಾಡುವ ಅವಧಿ ಮುಗಿದು ವಾರವಾಯಿತು. ಕಾಗದದ ಪ್ರಕಾರ ಅವರು ಖಣಿ ಓಣಿಗೆ ಬರಬೇಕಾಗಿಲ್ಲ. ಆದರೂ ಸೈಕಲ್ ಬರುತ್ತದೆ. ಮುಂದೆ ನೌಕರಿ ಸಿಗುತ್ತದೋ ಇಲ್ಲವೋ, ಸಿಕ್ಕರೆ ಯಾವ ತಾಲ್ಲೂಕಿಗೋ, ಒಂದೂ ಗೊತ್ತಿಲ್ಲ. ಗುಂಡಮ್ಮ ಕ್ಷಮಿಸಿದರಾ ಎಂದು ಕೇಳಿದಾಗ ರಮಾಬಾಯಿ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ, ಕಲ್ಲಿನ ಸಾಲಿನ ಕಡೆ ನೋಡುತ್ತಾರೆ. ಅಲ್ಲಿ ಕೊನೆಗೆ, ಏಳು ವರ್ಷದ ಸಣ್ಣ ಹುಡುಗಿಯೊಂದು ನಾಲಗೆ ಕಚ್ಚಿಕೊಂಡು ಅ ಬರೆಯುತ್ತಿದೆ.

‘ಯಂಕಿ ತಂಗಿ ಅದು. ಮಂಗಳವಾರ ಗುಂಡಮ್ಮಕ್ಕ ತಾನೇ ಬಂದು ಬಿಟ್ಟು ಹೋದ್ಲು. ನನ್ನ ಜೋಡಿ ಮಾತಾಡಂಗಿಲ್ರಿ, ಮುಖಾನೂ ನೋಡಂಗಿಲ್ಲ. ಆದ್ರ ಕೂಸನ್ನ ನನ್ನ ಹತ್ರಾನೇ ಕಳಸ್ಯಾಳ.’